ರಾಗಿಯೂ ಅದರ ಸಂಗಡಿಗರೂ

ಧಾನ್ಯಗಳಲ್ಲಿಯೂ ಮೇಲುಕೀಳೆಂಬ ಭೇದವು ಬಹುಕಾಲದಿಂದ ನಡೆದುಬಂದಿದೆ. ಆಯುರ್ವೇದದ ಗ್ರಂಥಕಾರರು ಧಾನ್ಯವರ್ಗವನ್ನು ವರ್ಣಿಸುವಾಗ ಶಾಲಿ ವ್ರೀಹಿಗಳನ್ನು ಮೊದಲು ಎಣಿಸಿ, ಯವಗೋಧೂಮಗಳಿಗೆ ತಕ್ಕ ಮನ್ನಣೆಯನ್ನಿತ್ತು, ಹಾರಕ, ಸಾಮೆ, ನವಣೆ ಮೊದಲಾದುವನ್ನು ಕುಧಾನ್ಯ, ಕ್ಷುದ್ರಧಾನ್ಯ, ತೃಣಧಾನ್ಯ ಎಂಬ ಹೆಸರುಗಳಿಂದ ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಚರಕಸಂಹಿತೆಯಲ್ಲಿ ಹಾರಕ ಸಾಮೆಗಳು ಲಘು, ವಾತವರ್ಧಕ, ಕಫಪಿತ್ತಹರ ಎಂದು ಹೇಳಿರುವುದು ಗುಣಕಥನವೇ ಹೊರತು ನಿಂದೆಯಲ್ಲ. ವೈದ್ಯನು ಗುಣವನ್ನು ಹೇಳಿದನು. ಲೋಕವು ‘ಕು’ ಎಂಬ ಉಪಸರ್ಗವನ್ನು ಮಾತ್ರವೇ ಕಿವಿಯಲ್ಲಿಟ್ಟುಕೊಂಡಿತು. ಹೀಗೆ ಕೆಳಪಂಕ್ತಿಗಿಳಿದ ಧಾನ್ಯಗಳ ಪೈಕಿ ಕನ್ನಡನಾಡಿನ ದಕ್ಷಿಣಭಾಗದ ಬಹುಜನರನ್ನು ಶತಮಾನಗಳ ಕಾಲ ಪೋಷಿಸಿದುದು ರಾಗಿ. ಅಲ್ಪವೆಚ್ಚದಲ್ಲಿ ದೇಹವನ್ನು ಗಟ್ಟಿಯಾಗಿಟ್ಟುಕೊಳ್ಳುವ ಆಹಾರಕ್ರಮವೊಂದು ಈ ಸೀಮೆಯಲ್ಲಿ ಹೇಗೆ ಬೆಳೆಯಿತು, ಅದು ಯಾವುದರ ಆಧಾರದ ಮೇಲೆ ನಿಂತಿತ್ತು, ಎಲ್ಲಿ ಕುಸಿಯಿತು ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶವಾಗಿದೆ.

ರಾಗಿಯು ಹುಟ್ಟಿನಿಂದ ಈ ದೇಶದ್ದಲ್ಲ. ಸಸ್ಯಶಾಸ್ತ್ರಜ್ಞರ ಅಭಿಪ್ರಾಯದಲ್ಲಿ ಅದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು, ಅಂದರೆ ಇಥಿಯೋಪಿಯ, ಉಗಾಂಡ ಮೊದಲಾದ ನಾಡುಗಳು. ಯಾರು ತಂದರು, ಯಾವ ದಾರಿಯಿಂದ ತಂದರು ಎಂಬುದಕ್ಕೆ ಶಾಸನವಿಲ್ಲ, ಪುರಾಣವೂ ಇಲ್ಲ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ತುಂಗಭದ್ರಾತೀರದ ಹಳ್ಳೂರಿನಲ್ಲಿ 1965ರ ಸುಮಾರಿಗೆ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ಸುಟ್ಟ ರಾಗಿಯ ಕಾಳು ದೊರೆಯಿತೆಂದು ವರದಿಯಾಯಿತು. ಅದು ಸುಮಾರು ಮೂರು ಸಾವಿರ ವರ್ಷಗಳ ಹಿಂದಿನದೆಂದು ಎಣಿಕೆ. ಇಂತಹ ಹಳೆಯ ಕಾಳುಗಳನ್ನು ಗುರುತಿಸುವಲ್ಲಿ ಇತರ ಸಣ್ಣ ಧಾನ್ಯಗಳೊಡನೆ ಬೆರಕೆಯಾಗುವ ಸಂಭವವುಂಟೆಂದು ಈಚಿನ ವಿದ್ವಾಂಸರು ಎಚ್ಚರಿಸಿದ್ದಾರೆ. ಸಂಸ್ಕೃತದ ‘ಮಧೂಲಿಕಾ’ ಎಂಬುದನ್ನು ರಾಗಿಯೆಂದು ಕೆಲವರು ಅರ್ಥೈಸುವರು, ಕೆಲವರು ಒಪ್ಪುವುದಿಲ್ಲ. ಆದುದರಿಂದ ರಾಗಿಯ ಬಾಲ್ಯವು ಕತ್ತಲೆಯಲ್ಲಿಯೇ ಉಳಿದಿದೆ. ಹೊರಗಿನಿಂದ ಬಂದು ಮನೆಯದಾದ ವಸ್ತುಗಳಲ್ಲಿ ಅದು ಬಹು ಹಿರಿದು ಎಂಬಷ್ಟು ಮಾತ್ರ ನಿಶ್ಚಯ. ಮೆಣಸಿನಕಾಯಿಯೂ ಕಡಲೆಕಾಯಿಯೂ ಅಮೆರಿಕದಿಂದ ಬರುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ ರಾಗಿ ಇಲ್ಲಿತ್ತು.

ಹಳ್ಳೂರಿರುವ ಜಿಲ್ಲೆಯಲ್ಲಿಯೇ ಕಾಗಿನೆಲೆಯೂ ಇದೆ. ಹದಿನಾರನೆಯ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯಚರಿತ್ರೆ’ಯನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದರು. ಸುಮಾರು ನೂರೈವತ್ತು ಪದ್ಯಗಳ ಚಿಕ್ಕ ಕಾವ್ಯ. ಅಕ್ಕಿಯೂ ‘ನರೆದಲೆಗ’ನೆಂಬ ರಾಗಿಯೂ ಶ್ರೀರಾಮನ ಮುಂದೆ ತಮ್ಮತಮ್ಮ ಹಿರಿಮೆಗಾಗಿ ವಾದ ಮಾಡುತ್ತವೆ. ಅಕ್ಕಿಯು ತನ್ನ ಕುಲವನ್ನೂ, ದೇವಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಮುಂದುಮಾಡಿ ಎದುರಾಳಿಯನ್ನು ಹೀಗಳೆಯುತ್ತದೆ. ನರೆದಲೆಗನು, ಬಡವರನ್ನು ಕಣ್ಣೆತ್ತಿಯೂ ನೋಡದ ನಿನ್ನ ಸಿರಿವಂತಿಕೆ ಏತಕ್ಕೆ, ಮಳೆ ಹೋದ ವರ್ಷ ಜನರನ್ನು ಉಳಿಸುವವರು ಯಾರು ಎಂದು ತಿರುಗಿ ಕೇಳುತ್ತಾನೆ. ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ತೆರೆಸಿದಾಗ ಅಕ್ಕಿ ಕೆಟ್ಟುಹೋಗಿದೆ, ನರೆದಲೆಗನು ಹೋದಂತೆಯೇ ಹೊರಬರುತ್ತಾನೆ. ರಾಘವನು ಅವನಿಗೆ ತನ್ನ ಹೆಸರನ್ನೇ ಕೊಟ್ಟನೆಂದೂ, ಅದರಿಂದ ‘ರಾಗಿ’ ಎಂಬ ಹೆಸರಾಯಿತೆಂದೂ ಕಥೆ. ‘ರಾಗ’ವೆಂದರೆ ಕೆಂಪು, ಕೆಂಪಾದ ಕಾಳಾದುದರಿಂದ ರಾಗಿ ಎಂದು ವೈಯಾಕರಣರು ಬೇರೊಂದು ದಾರಿ ಹಿಡಿಯುವರು. ದಾಸರ ನಿರುಕ್ತಿಯನ್ನು ಮೀಮಾಂಸಕರ ಮಾತಿನಲ್ಲಿ ಅರ್ಥವಾದವೆಂದು ತಿಳಿದರೆ ಸಾಕು; ಅದು ಶಬ್ದವನ್ನು ಸಾಧಿಸುವುದಕ್ಕೆ ಹೇಳಿದುದಲ್ಲ, ಧಾನ್ಯದ ನೆಪದಲ್ಲಿ ಕುಲದ ಅಹಂಕಾರವನ್ನು ಖಂಡಿಸುವುದಕ್ಕೆ ಹೇಳಿದುದು.

ಆದರೆ ಕಥೆಯ ನಡುವೆ ಇರುವ ಸೆರೆಮನೆಯ ಪ್ರಸಂಗವು ಬರಿಯ ಕಲ್ಪನೆಯಲ್ಲ. ಅಕ್ಕಿಗೆ ಹುಳು ಬೀಳುತ್ತದೆ, ಜೋಳಕ್ಕೂ ಬೀಳುತ್ತದೆ. ರಾಗಿಯ ಕಾಳು ಅತಿ ಸಣ್ಣದು, ಸಿಪ್ಪೆ ಗಟ್ಟಿ. ಆದಕಾರಣ ಹುಳುವಿಗೆ ಅದರಲ್ಲಿ ನೆಲೆಯಿಲ್ಲ. ಚೆನ್ನಾಗಿ ಒಣಗಿಸಿದ ರಾಗಿ ವರ್ಷಾನುಗಟ್ಟಲೆ ಕೆಡದೆ ನಿಲ್ಲುತ್ತದೆ. ಇದನ್ನರಿತ ರೈತರು ಹಗೇವುಗಳನ್ನು ತೋಡಿದರು. ನೀರು ನಿಲ್ಲದ ಗಟ್ಟಿ ಗರಸುನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯಿರುವ ಕುಳಿಯನ್ನು ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುವರು. ಒಳಗಿನ ಗಾಳಿಯನ್ನು ಕಾಳು ತಾನೇ ಉಸಿರಾಡಿ ಮುಗಿಸಿಬಿಡುವುದರಿಂದ ಮುಂದೆ ಯಾವ ಜೀವಕ್ಕೂ ಅಲ್ಲಿ ಎಡೆಯಿಲ್ಲ. ಹಗೇವನ್ನು ತೆರೆದೊಡನೆ ಇಳಿದವನು ಪ್ರಾಣಕ್ಕೆ ಎರವಾಗುವ ಅಪಾಯವುಂಟಾದುದರಿಂದ ಮೊದಲು ಬಾಯಿ ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುವುದು ವಾಡಿಕೆ. ಬಡವನ ಪಾಲಿಗೆ ಅಗ್ಗವೆಂದರೆ ಕೊಳ್ಳುವಾಗಿನ ಬೆಲೆಯೊಂದೇ ಅಲ್ಲ. ಕೊಂಡದ್ದು ಕೆಡದಿರುವುದೂ ಅಗ್ಗದ ಒಂದು ಭಾಗ. ಈ ಲೆಕ್ಕದಲ್ಲಿ ರಾಗಿಗೆ ಸಮನಾದ ಧಾನ್ಯವು ವಿರಳ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಮತ್ತು ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದನು. ಅವನ ಬರಹವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಒಣಭೂಮಿಯ ಬೆಳೆಗಳಲ್ಲೆಲ್ಲ ರಾಗಿಯೇ ಮುಖ್ಯ, ಕೆಳವರ್ಗದ ಜನರಿಗೆ ಅದೇ ನಿತ್ಯದ ಆಹಾರ ಎಂದು ಅವನು ಬರೆದಿದ್ದಾನೆ. ಅದಕ್ಕಿಂತಲೂ ಬೆಲೆಯುಳ್ಳದ್ದು ಅವನು ಹೊಲದಲ್ಲಿ ನಿಂತು ನೋಡಿದ ಇನ್ನೊಂದು ಸಂಗತಿ. ರಾಗಿಯ ಹೊಲದಲ್ಲಿ ರಾಗಿಯೊಂದೇ ಇರಲಿಲ್ಲ. ಕೆಲವು ಸಾಲುಗಳಿಗೊಂದರಂತೆ ಅವರೆಯನ್ನೋ ತೊಗರಿಯನ್ನೋ ಬಿತ್ತುತ್ತಿದ್ದರು. ಕನ್ನಡಿಗರು ಇದನ್ನು ಅಕ್ಕಡಿಯೆನ್ನುವರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿನಲ್ಲಿ ನಾಲ್ಕು ಹರಳುಗಿಡ, ಇವೆಲ್ಲವೂ ಸೀಮೆಗೆ ತಕ್ಕಂತೆ ಅಕ್ಕಡಿಯಲ್ಲಿ ಬರುವುವು. ರಾಗಿಯ ಕೊಯ್ಲಾದ ಮೇಲೆ ಹೊಲದಲ್ಲಿ ಒಂಟಿಯಾಗಿ ನಿಂತ ಅವರೆಯ ಬಳ್ಳಿಯು ಇಬ್ಬನಿಯನ್ನು ಕುಡಿದು ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಕಾಯಿ ಬಿಡುತ್ತದೆ. ದ್ವಿದಳಗಳ ಬೇರು ನೆಲಕ್ಕೆ ಸಾರಜನಕವನ್ನು ಸೇರಿಸುವುದೆಂಬ ಶಾಸ್ತ್ರವು ಆಗಿನ ರೈತನಿಗೆ ತಿಳಿದಿರಲಿಲ್ಲ. ಹೊಲವು ಸವೆಯುವುದಿಲ್ಲವೆಂಬುದು ತಿಳಿದಿತ್ತು. ಹೊಲದ ಸಾಲುಗಳನ್ನು ನೋಡಿದರೆ ತಣಿಗೆಯಲ್ಲಿ ಏನಿರುವುದೆಂಬುದನ್ನು ಹೇಳಬಹುದಾಗಿತ್ತು.

ತಣಿಗೆಯ ವಿಚಾರವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಏಕೆಂದರೆ ರಾಗಿಯನ್ನು ಹೊಗಳುವವರೂ ತೆಗಳುವವರೂ ಮುದ್ದೆಯೊಂದನ್ನೇ ನೋಡಿ, ಮುದ್ದೆಯ ಪಕ್ಕದಲ್ಲಿರುವುದನ್ನು ಬಿಟ್ಟುಬಿಡುತ್ತಾರೆ. ದುಡಿಯುವ ಮನೆಯಲ್ಲಿ ಬೆಳಗಿನ ಹೊತ್ತು ಅಂಬಲಿ. ಹಿಟ್ಟನ್ನು ಗಂಜಿಯಂತೆ ಕುದಿಸಿ, ಆರಿಸಿ, ಮಜ್ಜಿಗೆ ಬೆರಸಿ, ಉಪ್ಪು ಹಾಕಿ, ಒಂದು ಈರುಳ್ಳಿಯನ್ನು ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋಗುವುದು. ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು. ರಾತ್ರಿಗೆ ಮತ್ತೆ ಮುದ್ದೆ, ಹುರುಳಿಯದೋ ಅವರೆಯದೋ ಸಾರು. ಹಬ್ಬಹರಿದಿನಗಳಲ್ಲಿ ಅನ್ನ. ಮಾಂಸಾಹಾರಿಗಳಿಗೆ ಯಾವಾಗಲಾದರೊಮ್ಮೆ ಕೋಳಿ, ಕೆರೆಯ ಮೀನು. ಹೇಳಿದರೆ ಇಷ್ಟೇ. ಆದರೆ ಸೊಪ್ಪು ಎಂದರೆ ಒಂದು ಸೊಪ್ಪಲ್ಲ. ಬೆರಕೆಸೊಪ್ಪೆಂದು ಹೆಸರು, ಅಣ್ಣೆ, ಗಣಿಕೆ, ಕೀರೆ, ಗೋಣಿ, ಹೊನಗೊನ್ನೆ, ಅಂಗಳದ ನುಗ್ಗೆಯ ಚಿಗುರು, ಹೀಗೆ ಹೊಲದ ಬದುವಿನಲ್ಲಿ, ಕೆರೆಯ ಕೋಡಿಯಲ್ಲಿ ತಾವಾಗಿ ಹುಟ್ಟಿದವನ್ನು ಕೈಗೆ ಸಿಕ್ಕಿದಂತೆ ಕೊಯ್ದು ಮಡಿಲಿಗೆ ತುಂಬಿದ ರಾಶಿ. ಬಿತ್ತಿದವರಿಲ್ಲ, ಬೆಲೆಯಿಲ್ಲ. ಕಳೆ ಕೀಳಲು ಬಂದ ಕೂಲಿಯ ಹೆಂಗಸರು ಸಂಜೆಗೆ ಮಡಿಲಿನಲ್ಲಿ ಸೊಪ್ಪನ್ನು ಒಯ್ದರೆ ಹೊಲದೊಡೆಯನು ಕೇಳುತ್ತಿರಲಿಲ್ಲ. ಇದು ಬರೆದ ಹಕ್ಕಲ್ಲ, ನಡೆದುಬಂದ ಹಕ್ಕು.

ಬಸ್ಸಾರೆಂಬ ಅಡುಗೆಯ ಕ್ರಮವನ್ನು ನೋಡಬೇಕು. ಸೊಪ್ಪನ್ನೂ ಕಾಳನ್ನೂ ಕೂಡಿ ಬೇಯಿಸಿ ನೀರನ್ನು ಬಸಿಯುವರು. ಬಸಿದ ಕಟ್ಟು ಖಾರ ಹುಳಿಗಳೊಡನೆ ಸಾರಾಗುತ್ತದೆ. ಉಳಿದ ಸೊಪ್ಪುಕಾಳು ಒಗ್ಗರಣೆಯೊಡನೆ ಪಲ್ಯವಾಗುತ್ತದೆ. ಒಂದೇ ಬೇಯಿಸುವಿಕೆಯಲ್ಲಿ, ಒಂದೇ ಸೌದೆಯ ಖರ್ಚಿನಲ್ಲಿ ಎರಡು ವ್ಯಂಜನ. ಬೇಯಿಸಿದ ನೀರಿನ ಒಂದು ಹನಿಯೂ ಮೋರಿಗೆ ಹೋಗುವುದಿಲ್ಲ. ಅಕ್ಕಿಯುಣ್ಣುವ ಎಷ್ಟೋ ಮನೆಗಳಲ್ಲಿ ಅನ್ನವನ್ನು ಬಸಿದು ಗಂಜಿಯನ್ನು ದನದ ಬಾನಿಗೆ ಹುಯ್ಯುತ್ತಿದ್ದ ಕಾಲದಲ್ಲಿ ಈ ಮನೆಗಳವರು ಸೊಪ್ಪಿನ ಕಟ್ಟನ್ನೇ ಊಟದ ಮುಖ್ಯ ರಸವನ್ನಾಗಿ ಮಾಡಿಕೊಂಡಿದ್ದರು. ನೀರಿನಲ್ಲಿ ಕರಗುವ ಜೀವಸತ್ವಗಳೆಂಬುವು ಇವೆಯೆಂದು ಲೋಕಕ್ಕೆ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಸ್ಸಾರು ಅದಕ್ಕಿಂತ ಹಳೆಯದು.

ವ್ಯಂಜನ ಎಂಬ ಮಾತು ಬಂದಿತಷ್ಟೆ. ಅಕ್ಷರಮಾಲೆಯಲ್ಲಿ ಸ್ವರದ ಆಶ್ರಯವಿಲ್ಲದೆ ವ್ಯಂಜನವು ನಿಲ್ಲದೆಂದು ಮಕ್ಕಳಿಗೆ ಹೇಳಿಕೊಡುವರು. ಅಡುಗೆಮನೆಯಲ್ಲಿ ಇದರ ವಿಪರೀತ: ವ್ಯಂಜನವಿಲ್ಲದೆ ಅನ್ನವೇ ನಿಲ್ಲದು.

ಈ ಮಾತಿಗೆ ಈಗಿನ ರಸಾಯನಶಾಸ್ತ್ರದ ಸಮರ್ಥನೆಯಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶವಿರುವುದೆಂದು ಭಾರತೀಯ ಆಹಾರಗಳ ಕೋಷ್ಟಕಗಳು ಹೇಳುತ್ತವೆ. ಗಿರಣಿಯ ಬೆಳ್ಳಗಿನ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ. ನಿತ್ಯದ ಧಾನ್ಯಗಳಲ್ಲಿ ಇಷ್ಟು ಸುಣ್ಣವುಳ್ಳದ್ದು ಮತ್ತೊಂದಿಲ್ಲ. ಹಾಲನ್ನು ಕೊಳ್ಳಲಾರದವನ ಮೂಳೆಗೆ ಇದು ಸಣ್ಣ ಆಧಾರವಲ್ಲ. ತೌಡು ತೆಗೆಯದೆ ಇಡಿಯಾಗಿ ಬೀಸುವುದರಿಂದ ನಾರೂ ಉಳಿಯುತ್ತದೆ, ಮುದ್ದೆಯು ನಿಧಾನವಾಗಿ ಜೀರ್ಣವಾಗಿ ಹಸಿವನ್ನು ತಡೆಯುತ್ತದೆ. ಇಷ್ಟನ್ನು ಹೇಳಿ ಕೈಮುಗಿಯುವವರು ಉಳಿದರ್ಧವನ್ನು ಮರೆಯುತ್ತಾರೆ. ರಾಗಿಯಲ್ಲಿ ಸಸಾರಜನಕವು ನೂರಕ್ಕೆ 7 ಭಾಗ ಮಾತ್ರ. ಅದರಲ್ಲಿಯೂ ಲೈಸಿನ್ ಎಂಬ ಘಟಕವು ಕೊರತೆ. ‘ಎ’ ಜೀವಸತ್ವವು ಇಲ್ಲವೆನ್ನುವಷ್ಟು ಕಡಿಮೆ, ‘ಸಿ’ ಇಲ್ಲವೇ ಇಲ್ಲ. ಇರುವ ಸುಣ್ಣವನ್ನೂ ಕಬ್ಬಿಣವನ್ನೂ ಫೈಟೇಟು ಟ್ಯಾನಿನ್ನುಗಳೆಂಬ ದ್ರವ್ಯಗಳು ಕಟ್ಟಿಹಾಕಿ, ದೇಹವು ಹೀರಿಕೊಳ್ಳದಂತೆ ತಡೆಯುತ್ತವೆ. ಹೀಗಿರಲು ಕೇವಲ ರಾಗಿಯನ್ನು ತಿಂದವನು ಹೊಟ್ಟೆ ತುಂಬಿದ್ದರೂ ಸೊರಗುವನು. ಆದರೆ ಲೈಸಿನ್ನಿನ ಕೊರತೆಯನ್ನು ಅವರೆ ಹುರುಳಿಗಳು ತುಂಬುತ್ತವೆ. ಕಣ್ಣಿಗೆ ಬೇಕಾದುದು ನುಗ್ಗೆ ಕೀರೆಗಳಲ್ಲಿದೆ. ಹಸುರಿನಲ್ಲಿಯೂ ಮೇಲೆ ಹಿಂಡಿದ ನಿಂಬೆಯಲ್ಲಿಯೂ ಇರುವ ‘ಸಿ’ ಜೀವಸತ್ವವು ಕಬ್ಬಿಣದ ಕಟ್ಟನ್ನು ಸಡಿಲಿಸುತ್ತದೆ. ಸಸ್ಯಗಳಲ್ಲಿ ಸಿಕ್ಕದ ಬಿ-12 ಮಜ್ಜಿಗೆಯಲ್ಲಿ ಅಲ್ಪಸ್ವಲ್ಪವಾದರೂ ದೊರೆಯುತ್ತದೆ. ಎಳೆಗೂಸಿನ ‘ಸರಿ’ಗಾಗಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡುವ ಕ್ರಮವಿದೆಯಷ್ಟೆ, ಮೊಳಕೆಯಲ್ಲಿ ಫೈಟೇಟು ಕುಗ್ಗುತ್ತದೆ, ಪಿಷ್ಟವು ಒಡೆದು ಗಂಜಿ ತೆಳ್ಳಗಾಗುತ್ತದೆ. ಸ್ವಲ್ಪ ಗಂಜಿಯಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆಗೆ ಸೇರುತ್ತದೆ. ಓದುಬರಹವಿಲ್ಲದ ಅಜ್ಜಿಯರು ಇಷ್ಟನ್ನು ಹೇಗೆ ಕಂಡುಕೊಂಡರೋ ಆಶ್ಚರ್ಯ.

ಆದುದರಿಂದ ಈ ಆಹಾರದ ಪುಷ್ಟಿಯು ರಾಗಿಯಲ್ಲಿರಲಿಲ್ಲ, ರಾಗಿಯ ಪರಿವಾರದಲ್ಲಿತ್ತು. ಆ ಪರಿವಾರವೋ ಅಂಗಡಿಯಿಂದ ಬಂದುದಲ್ಲ. ಕಾಳು ಅಕ್ಕಡಿಯಿಂದ, ಸೊಪ್ಪು ಬದುವಿನಿಂದ, ಮಜ್ಜಿಗೆ ನೆರೆಮನೆಯಿಂದ. ಎಷ್ಟೋ ಊರುಗಳಲ್ಲಿ ಮಜ್ಜಿಗೆಯನ್ನು ಮಾರುವುದು ಹೀನವೆಂದು ಭಾವಿಸಿದ್ದರು. ಕರೆಯುವ ಹಸುವಿದ್ದ ಮನೆಯಲ್ಲಿ ಬೆಣ್ಣೆ ತೆಗೆದ ಮೇಲೆ ಉಳಿದದ್ದನ್ನು ಚೊಂಬು ಹಿಡಿದು ಬಂದವರಿಗೆ ಹುಯ್ಯುವರು. ಹುಯ್ಯುವಲ್ಲಿಯೂ ಜಾತಿಯ ದೂರವಿತ್ತು, ಹಿತ್ತಲ ಬಾಗಿಲ ಅವಮಾನವಿತ್ತು. ಅದನ್ನು ಮುಚ್ಚಿಟ್ಟು ಆ ಕಾಲವನ್ನು ಚಿನ್ನದ ಕಾಲವೆಂದು ಬಣ್ಣಿಸುವುದು ಸತ್ಯವಲ್ಲ. ಹಾಗಿದ್ದರೂ ಹೊಟ್ಟೆಯ ಲೆಕ್ಕದಲ್ಲಿ ಆ ಚೊಂಬು ಮಜ್ಜಿಗೆಗೆ ಬೆಲೆ ಕಟ್ಟುವುದು ಕಷ್ಟ.

ಲೆಕ್ಕಕ್ಕೆ ಸಿಕ್ಕದ ಈ ಪದಾರ್ಥಗಳನ್ನು ಸರ್ಕಾರದ ಲೆಕ್ಕವು ಮರೆತಾಗ ಏನಾಗುವುದೆಂಬುದನ್ನು 1876ರಿಂದ 1878ರವರೆಗಿನ ಮಹಾಕ್ಷಾಮವು ತೋರಿಸಿತು. ಮೈಸೂರು ಆಗ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು. ಬಳ್ಳಾರಿಯು ಮದ್ರಾಸಾಧಿಪತ್ಯಕ್ಕೆ ಸೇರಿದ್ದಿತು. ಒಂದರ ಮೇಲೊಂದು ಮಳೆ ತಪ್ಪಿ ಹಗೇವುಗಳು ಬರಿದಾದುವು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹುಟ್ಟಬೇಕಾಗಿದ್ದು ಹುಟ್ಟದವರನ್ನು ಈ ಅಂಕೆಯು ಹೇಳುವುದಿಲ್ಲ.

1877ರ ಆರಂಭದಲ್ಲಿ ವೈಸರಾಯರ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದನು. ಕೆಲವು ವರ್ಷಗಳ ಹಿಂದೆ ಬಿಹಾರದ ಕ್ಷಾಮದಲ್ಲಿ ಧಾರಾಳವಾಗಿ ಖರ್ಚು ಮಾಡಿ ಜನರನ್ನು ಉಳಿಸಿದವನು ಅವನೇ. ಹಣ ಹಾಳುಮಾಡಿದನೆಂಬ ನಿಂದೆಗೆ ಗುರಿಯಾದವನೂ ಅವನೇ. ಆ ನಿಂದೆಯ ನೆನಪು ಅವನ ಕೈಯನ್ನು ಬಿಗಿಮಾಡಿತೆಂದು ತೋರುತ್ತದೆ. ಮದ್ರಾಸಾಧಿಪತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ಅದುವರೆಗೆ ಒಂದೂವರೆ ಪೌಂಡು ಧಾನ್ಯದ ಲೆಕ್ಕದಲ್ಲಿದ್ದ ಕೂಲಿಯನ್ನು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂ ಧಾನ್ಯದ ಬೆಲೆಗೆ, ಅವನು ಇಳಿಸಿದನು. ಅದರ ಮೇಲೆ ಅಲ್ಪ ಕಾಸು. ಉಪ್ಪು, ಮೆಣಸಿನಕಾಯಿ, ಬೇಳೆ, ತರಕಾರಿ, ಸೌದೆ, ಎಲ್ಲವೂ ಆ ಅಲ್ಪ ಕಾಸಿನಲ್ಲಿ ಬರಬೇಕು. ಜನರು ಸಾಧಾರಣ ಕಾಲದಲ್ಲಿಯೂ ಬರಿಯ ಧಾನ್ಯವನ್ನು ತಿಂದು ಬದುಕುವವರಲ್ಲವೆ ಎಂಬ ಭ್ರಾಂತಿಯು ಈ ಲೆಕ್ಕದ ತಳದಲ್ಲಿತ್ತು. ಸಾಧಾರಣ ಕಾಲದಲ್ಲಿ ಸೊಪ್ಪಿಗೂ ಮಜ್ಜಿಗೆಗೂ ಅವರು ಕಾಸು ಕೊಡುತ್ತಿರಲಿಲ್ಲವೆಂಬುದು ನಿಜ. ಆದರೆ ಕ್ಷಾಮದಲ್ಲಿ ಬದುವು ಒಣಗಿತ್ತು, ಹಸು ಸತ್ತಿತ್ತು. ಬಿಟ್ಟಿಯಾಗಿ ಬರುತ್ತಿದ್ದುದೆಲ್ಲ ನಿಂತುಹೋಗಿ, ಕಾಸು ಕೊಟ್ಟು ಕೊಳ್ಳುವ ಧಾನ್ಯವೊಂದೇ ಉಳಿದಿತ್ತು. ಅದೂ ಒಂದು ಪೌಂಡು. ಮಣ್ಣು ಅಗೆದು ಕಲ್ಲು ಒಡೆಯುವವನಿಗೆ.

ಮದ್ರಾಸಿನ ಆರೋಗ್ಯಶಾಖೆಯ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬವನು ಇದನ್ನು ಬಹಿರಂಗವಾಗಿ ವಿರೋಧಿಸಿದನು. ದಕ್ಷಿಣದೇಶದ ಜನರ ಆಹಾರವನ್ನೂ ಸೆರೆಮನೆಗಳ ಊಟವನ್ನೂ ಕುರಿತು ಅವನು 1860ರ ದಶಕದಲ್ಲಿಯೇ ಶೋಧಿಸಿ ಬರೆದಿದ್ದನು. ಅಪರಾಧಿಗೆ ಸೆರೆಮನೆಯಲ್ಲಿ ಕೊಡುವುದಕ್ಕಿಂತಲೂ ಕಡಿಮೆಯನ್ನು ನಿರಪರಾಧಿಯಾದ ಕೂಲಿಗೆ ಕೊಡುತ್ತಿರುವಿರೆಂಬುದು ಅವನ ಆಕ್ಷೇಪದ ಮುಖ್ಯಾಂಶ. ಧಾನ್ಯದ ತೂಕವೊಂದೇ ಸಾಲದು, ಬೇಳೆಕಾಳುಗಳಿಂದ ಬರುವ ಪುಷ್ಟಿಯೂ ಬೇಕೆಂದು ಅವನು ವಾದಿಸಿದನು. ಟೆಂಪಲ್ಲನು ಒಪ್ಪಲಿಲ್ಲ. ಕೆಲವು ತಿಂಗಳಲ್ಲಿ ಕೂಲಿಗಳು ಕಂಗೆಟ್ಟುದನ್ನು ಕಂಡು ಮದ್ರಾಸ್ ಸರ್ಕಾರವು ಅದೇ ವರ್ಷ ಆ ಪ್ರಮಾಣವನ್ನು ಏರಿಸಿತು. ಅಷ್ಟರಲ್ಲಿ ಎಷ್ಟು ಜನರ ಶಕ್ತಿಯು ಹಿಂದಿರುಗದಂತೆ ಕುಗ್ಗಿತ್ತೋ ಹೇಳುವವರಿಲ್ಲ. ಇಬ್ಬರೂ ಒಂದೇ ಸರ್ಕಾರದ ಅಧಿಕಾರಿಗಳು, ಇಬ್ಬರ ಕೈಯಲ್ಲಿಯೂ ತಕ್ಕಡಿ. ಒಬ್ಬನು ಧಾನ್ಯವನ್ನು ತೂಗಿದನು, ಇನ್ನೊಬ್ಬನು ಊಟವನ್ನು ತೂಗಿದನು.

ಇದಾದ ಮೇಲೆ ನಾಲ್ವತ್ತು ವರ್ಷ ಕಳೆದು, ನೀಲಗಿರಿಯ ಕೂನೂರಿನಲ್ಲಿ 1918ರಿಂದ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು ಆಹಾರದ ಕೊರತೆಗಳಿಂದ ಬರುವ ರೋಗಗಳನ್ನು ಶೋಧಿಸಲಾರಂಭಿಸಿದನು. ಭಾರತದ ಬೇರೆ ಬೇರೆ ಸೀಮೆಗಳ ಜನರು ಉಣ್ಣುವ ಊಟವನ್ನು ಅದೇ ಪ್ರಮಾಣದಲ್ಲಿ ಇಲಿಗಳ ತಂಡಗಳಿಗೆ ಹಾಕಿ ನೋಡಿದನು. ಗೋಧಿಯ ರೊಟ್ಟಿ, ಹಾಲು, ಬೇಳೆ, ಹಸಿ ತರಕಾರಿಗಳನ್ನು ತಿಂದವು ಪುಷ್ಟವಾಗಿ ಬೆಳೆದುವು. ಗಿರಣಿಯ ಅಕ್ಕಿಯನ್ನು ಅಲ್ಪ ವ್ಯಂಜನದೊಡನೆ ತಿಂದವು ಕುಗ್ಗಿದುವು. ಇದರಿಂದ ಗೋಧಿಯು ವೀರರ ಧಾನ್ಯ, ಅಕ್ಕಿಯು ದುರ್ಬಲರ ಧಾನ್ಯವೆಂದು ಹೇಳಿಕೊಂಡು ತಿರುಗಿದವರುಂಟು; ಅದು ಪ್ರಯೋಗದ ತಾತ್ಪರ್ಯವಲ್ಲ. ಹಾಲೂ ಹಸುರೂ ಸೇರಿದ ಊಟವೇ ಗೆದ್ದದ್ದು. ಅವನ ತರುವಾಯ 1935ರಲ್ಲಿ ಆ ಪ್ರಯೋಗಶಾಲೆಗೆ ನಿರ್ದೇಶಕನಾಗಿ ಬಂದ ಐಕ್ರಾಯ್ಡ್ ಎಂಬವನು ಭಾರತೀಯ ಆಹಾರಗಳ ಪೋಷಕಾಂಶಗಳ ಕೋಷ್ಟಕವನ್ನು ಪ್ರಕಟಿಸಿ, ಕಡಿಮೆ ಖರ್ಚಿನಲ್ಲಿ ಊಟವನ್ನು ಹೇಗೆ ತಿದ್ದಬಹುದೆಂಬುದನ್ನು ತೋರಿಸಿದನು. ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಹೋಯಿತು. ಕರಾವಳಿಯ ಕುಸುಬಲಕ್ಕಿಯು ಬೆರಿಬೆರಿ ರೋಗವನ್ನು ತಡೆಯುವುದೆಂಬುದೂ ಇಂತಹ ಶೋಧನೆಗಳಿಂದಲೇ ಸ್ಪಷ್ಟವಾಯಿತು. ಬತ್ತವನ್ನು ಕುದಿಸುವಾಗ ತೌಡಿನ ಸತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಸೀಮೆಸೀಮೆಗೂ ಇಂತಹದೊಂದು ಜಾಣತನವಿದೆ. ರಾಗಿಯವರೇ ಜಾಣರೆಂದು ಭಾವಿಸಬೇಕಾಗಿಲ್ಲ.

ಬೆಳೆಯ ವಿಷಯದಲ್ಲಿ ಮೈಸೂರು ಸಂಸ್ಥಾನವು ಅಲಕ್ಷ್ಯ ಮಾಡಲಿಲ್ಲ. ವ್ಯವಸಾಯ ಇಲಾಖೆಯು ಲೆಸ್ಲಿ ಕೋಲ್ಮನ್ನನ ಕಾಲದಲ್ಲಿ ರಾಗಿಯ ತಳಿಗಳನ್ನು ಆರಿಸಿ ಬೆಳೆಸುವ ಕೆಲಸವನ್ನು ಹೆಬ್ಬಾಳದಲ್ಲಿ ನಡೆಸಿತು. ಮುಂದೆ ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ಇಲ್ಲಿಯ ರಾಗಿಯನ್ನೂ ಕೂಡಿಸಿ 1970ರ ದಶಕದಿಂದ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಸಾವಿರಾರು ವರ್ಷಗಳ ಹಿಂದೆ ತವರು ಬಿಟ್ಟು ಬಂದ ಮಗಳಿಗೆ ತವರಿನಿಂದ ಬಾಗಿನ ಬಂದಂತಾಯಿತು. ಇಳುವರಿಯು ಬಹಳವಾಗಿ ಹೆಚ್ಚಿತು. ಜನರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಬಿರುದುಗಳಲ್ಲಿ ಇಂತಹ ಬಿರುದು ಅಪೂರ್ವ.

ಕಾಳು ಹೆಚ್ಚಿದರೂ ಉಣ್ಣುವವರ ಮನಸ್ಸು ಬೇರೆ ಕಡೆಗೆ ಹರಿದಿತ್ತು. ಅನ್ನವು ಹಬ್ಬದ ಊಟವಾಗಿದ್ದಿತಷ್ಟೆ. ಪ್ರತಿದಿನವೂ ಹಬ್ಬವಾಗಲೆಂದು ಬಡವನು ಬಯಸಿದರೆ ತಪ್ಪೇನು? ಮಗನು ಪಟ್ಟಣದಲ್ಲಿ ನೌಕರಿಗೆ ಸೇರಿದನೆಂದರೆ ಮನೆಗೆ ಅಕ್ಕಿ ಬಂದಿತೆಂದು ಅರ್ಥ. ನ್ಯಾಯಬೆಲೆಯ ಅಂಗಡಿಗಳು ಅಕ್ಕಿಯನ್ನು ಅಗ್ಗವಾಗಿ ಹಂಚಲು, ಅನ್ನವು ನಿಜವಾಗಿಯೂ ಬಡವನ ಊಟವಾಯಿತು. ಹಸಿವು ತಗ್ಗಿತೆಂಬುದು ಸಣ್ಣ ಲಾಭವಲ್ಲ. ಅದನ್ನು ಹಗುರವಾಗಿ ಕಾಣುವವರು ಹಸಿವನ್ನು ಕಾಣದವರು. 2013ರ ಆಹಾರಭದ್ರತೆಯ ಕಾಯಿದೆಯಲ್ಲಿ ರಾಗಿ ಜೋಳಗಳನ್ನೂ ಸೇರಿಸಿ, ಕಿಲೋ ಒಂದಕ್ಕೆ 1 ರೂಪಾಯಿಯಂತೆ ಕೊಡಬಹುದೆಂದು ವಿಧಿಸಿದರು. ಕರ್ನಾಟಕದ ದಕ್ಷಿಣ ಜಿಲ್ಲೆಗಳ ಪಡಿತರದಲ್ಲಿ ರಾಗಿಯೂ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಕುಧಾನ್ಯವೆಂಬ ಹೆಸರು ಹೋಗಿ ಸಿರಿಧಾನ್ಯವೆಂಬ ಹೆಸರು ಬಂದಿತು. ಸಿರಿವಂತರ ಧಾನ್ಯವೆಂದು ವಿಗ್ರಹವಾಕ್ಯ ಹೇಳಿದರೂ ಈಗ ತಪ್ಪಾಗದು. 2024–25ಕ್ಕೆ ಕೇಂದ್ರ ಸರ್ಕಾರವು ಗೊತ್ತುಪಡಿಸಿದ ಬೆಂಬಲ ಬೆಲೆಯು ಕ್ವಿಂಟಾಲ್ ರಾಗಿಗೆ 4,290 ರೂಪಾಯಿ, ಸಾಮಾನ್ಯ ಬತ್ತಕ್ಕೆ 2,300 ರೂಪಾಯಿ. ರೈತನಿಗೆ ಇದು ಶುಭವೇ. ಆದರೆ ಬುಕಾನನ್ನನು ಕಂಡ ಕ್ರಮವು ತಲೆಕೆಳಗಾಯಿತು: ಕೂಲಿಯವನ ಮನೆಯಲ್ಲಿ ಪಡಿತರದ ಬಿಳಿಯ ಅನ್ನ, ಮಧುಮೇಹಕ್ಕೆ ಹೆದರಿದ ಅನುಕೂಲಸ್ಥನ ಮನೆಯಲ್ಲಿ ರಾಗಿಯ ಬಿಸ್ಕತ್ತು.

ರಾಗಿಯು ಹೀಗೆ ಗೌರವವನ್ನು ಪಡೆದಿತು. ಅದರ ಸಂಗಡಿಗರ ಪಾಡೇ ಬೇರೆ. 1974ರಿಂದ ಮುಂದಕ್ಕೆ ಊರೂರಿಗೂ ಹಾಲಿನ ಸಹಕಾರ ಸಂಘಗಳು ಬಂದುವು. ಹಸು ಸಾಕುವ ಹೆಂಗಸಿನ ಕೈಗೆ ವಾರವಾರಕ್ಕೂ ಹಣ ಬಂದಿತು, ಮಕ್ಕಳ ಶಾಲೆಯ ಖರ್ಚು ನಡೆಯಿತು. ಜೊತೆಯಲ್ಲಿಯೇ ಕಡೆಗೋಲು ಮೂಲೆ ಸೇರಿತು. ಬೆಳಗ್ಗೆ ಸಂಜೆ ಹಾಲೆಲ್ಲ ಕ್ಯಾನಿಗೆ ಹೋದ ಮೇಲೆ ಚೊಂಬಿಗೆ ಹುಯ್ಯಲು ಮಜ್ಜಿಗೆಯೆಲ್ಲಿ? ಅದು ಈಗ ಪೊಟ್ಟಣದಲ್ಲಿ ಅಂಗಡಿಯಿಂದ ಬರುತ್ತದೆ. ಕಳೆನಾಶಕವನ್ನು ಸಿಂಪಡಿಸಿದ ಹೊಲದಲ್ಲಿ ಅಣ್ಣೆಸೊಪ್ಪು ಹುಟ್ಟುವುದಿಲ್ಲ, ಹುಟ್ಟಿದರೂ ಕೊಯ್ಯಲು ಭಯ. ಕಳೆ ಕೀಳುವವರೇ ಇಲ್ಲವಾದುದರಿಂದ ಮಡಿಲಿಗೆ ಸೊಪ್ಪು ತುಂಬುವವರೂ ಇಲ್ಲ. ತಿಳಿದ ಅಜ್ಜಿಯೊಬ್ಬಳು ತೀರಿಕೊಂಡರೆ ಹತ್ತು ಸೊಪ್ಪುಗಳ ಹೆಸರು ಅವಳೊಡನೆ ಹೋಗುತ್ತದೆ; ಗಣಿಕೆಯನ್ನೂ ಅದರಂತೆಯೇ ತೋರುವ ಬೇರೆ ಗಿಡವನ್ನೂ ಬಿಡಿಸಿ ಹೇಳುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

2024ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನೊಡನೆ ರಾಗಿಯ ಮಾಲ್ಟನ್ನು ವಾರದಲ್ಲಿ ಕೆಲವು ದಿನ ಕೊಡುವ ಏರ್ಪಾಡು ಆರಂಭವಾಯಿತು. ಮೊಳಕೆ ಕಟ್ಟಿದ ರಾಗಿಯ ಸರಿಯೇ ಸರ್ಕಾರದ ಲೋಟದಲ್ಲಿ ಹಿಂದಿರುಗಿ ಬಂದಂತೆ. ರಾಗಿಯೊಡನೆ ಹಾಲನ್ನು ಸೇರಿಸಿದುದು ವಿವೇಕ. ಟೆಂಪಲ್ಲನ ತಕ್ಕಡಿಯಿಂದ ಕಾರ್ನಿಷನ ತಕ್ಕಡಿಗೆ ಬಂದ ಹಾಗೆ. ಮಧ್ಯಾಹ್ನದ ಬಿಸಿಯೂಟದ ಸಾರಿನಲ್ಲಿ ಸೊಪ್ಪು ಎಷ್ಟಿದೆಯೆಂಬುದು ಮಾತ್ರ ಆಯಾ ಊರಿನ ಅಡುಗೆಯವರ ಕೈಯಲ್ಲಿಯೂ ಅವರಿಗೆ ಕೊಡುವ ಕಾಸಿನಲ್ಲಿಯೂ ಇದೆ. ಕೆಲವು ಶಾಲೆಗಳ ಹಿತ್ತಲಲ್ಲಿ ಉಪಾಧ್ಯಾಯರೂ ಮಕ್ಕಳೂ ಕೂಡಿ ನುಗ್ಗೆ, ದಂಟು, ಕರಿಬೇವುಗಳನ್ನು ಬೆಳೆಸಿರುವುದುಂಟು. ಅಲ್ಲಿಯ ಸಾರಿನ ಬಣ್ಣವೇ ಬೇರೆ.

ಹೊಲದಲ್ಲಿ ಈಚೆಗೆ ರಾಗಿಯನ್ನು ಕೊಯ್ಯಲು ಯಂತ್ರಗಳು ಬಂದಿವೆ. ಆಳು ಸಿಕ್ಕದ ಕಾಲದಲ್ಲಿ ರೈತನು ಯಂತ್ರವನ್ನು ಕರೆಯದೆ ಗತ್ಯಂತರವಿಲ್ಲ. ಯಂತ್ರಕ್ಕೆ ಬೇಕಾದುದು ಒಂದೇ ಎತ್ತರದ, ಒಂದೇ ದಿನ ಬಲಿಯುವ ಬೆಳೆ. ರಾಗಿಯ ನಡುವೆ ಇನ್ನೂ ಹಸುರಾಗಿ ಹೂ ಬಿಡುತ್ತಿರುವ ಅವರೆಯ ಸಾಲು ಅದರ ಬಾಯಿಗೆ ಅಡ್ಡಿಯಾಗುತ್ತದೆ. ಆದುದರಿಂದ ಅಂತಹ ಹೊಲಗಳಲ್ಲಿ ಬಿತ್ತುವಾಗಲೇ ಅಕ್ಕಡಿಯನ್ನು ಬಿಡುತ್ತಾರೆ. ಯಂತ್ರವು ಹೋಗಲಾರದ ತುಂಡುಹೊಲಗಳಲ್ಲಿ, ಇಳಿಜಾರಿನ ಪಟ್ಟಿಗಳಲ್ಲಿ, ರಾಗಿಯ ಕೊಯ್ಲಾದ ಮೇಲೆಯೂ ಅವರೆಯ ಸಾಲುಗಳು ಪುಷ್ಯಮಾಸದ ಇಬ್ಬನಿಯಲ್ಲಿ ನಿಂತಿರುವುದನ್ನು ಈಗಲೂ ಕಾಣಬಹುದು.